ಮೈನಾ ಹಕ್ಕಿಗೆ ಮಾತು ಕಲಿಸಬೇಕೆ?

ನಮ್ಮ ನಾಡಿನ ಪಕ್ಷಿಗಳಲ್ಲಿ ಮೈನಾದಷ್ಟು ಮನುಷ್ಯನಿಗೆ ಪರಿಚಿತವಾದವು ಬಹಳವಿಲ್ಲ. ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರಿನಲ್ಲಿ ಹುಟ್ಟಿ ಬೆಳೆದ ವಿದ್ಯಾರ್ಥಿಗೆ ಅದನ್ನು ಬೆರಳುಮಾಡಿ ತೋರಿಸಬೇಕಾದ ಅಗತ್ಯವಿಲ್ಲ. ಹೊಲದಲ್ಲಿ ಗಳೆ ಹೂಡಿದಾಗ ಎತ್ತುಗಳ ಹಿಂದೆ, ಈಗ ಟ್ರ್ಯಾಕ್ಟರಿನ ಹಿಂದೆ, ಹೊಸದಾಗಿ ಮಗುಚಿದ ಮಣ್ಣಿನ ಮೇಲೆ ಗಂಭೀರವಾಗಿ ಹೆಜ್ಜೆಯಿಡುತ್ತ ಹುಳು ಹೆಕ್ಕುವ ಕಂದು ಬಣ್ಣದ ಹಕ್ಕಿ ಅದೇ. ಮೇಯುವ ಎಮ್ಮೆಯ ಕಾಲ ಬಳಿ, ಕಣದಲ್ಲಿ, ಶಾಲೆಯ ಅಂಗಳದಲ್ಲಿ, ಮಾಳಿಗೆಯ ಅಂಚಿನಲ್ಲಿ ಕಾಣುವುದೂ ಅದೇ. ಇಷ್ಟು ಸಮೀಪದಲ್ಲಿರುವ ಹಕ್ಕಿಯ ಪ್ರಸ್ತಾಪ ಬಂದೊಡನೆಯೆ ನಮ್ಮಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಮಾತ್ರ ಒಂದೇ: ಅದು ಮಾತನಾಡುತ್ತದೆಯೆ?

ಮಾತನಾಡುತ್ತದೆ ಎಂಬುದು ನಿಜ. ಆದರೆ ಈ ಪ್ರಶ್ನೆಯೇ ನಮ್ಮನ್ನು ದಾರಿ ತಪ್ಪಿಸಿದೆಯೆಂದು ನಾವು ತಿಳಿಯುತ್ತೇವೆ. ಮೈನಾ ನಮ್ಮ ಮಾತನ್ನು ಆಡಬಲ್ಲುದೆ ಎಂದು ಕೇಳುವವರು, ಅದಕ್ಕೆ ತನ್ನದೇ ಆದ ಮಾತುಂಟೆ, ಆ ಮಾತನ್ನು ಅದು ಯಾರಿಂದ ಕಲಿಯುತ್ತದೆ, ಯಾರೊಡನೆ ಆಡುತ್ತದೆ ಎಂದು ಕೇಳುವುದಿಲ್ಲ. ಈ ಎರಡನೆಯ ಪ್ರಶ್ನೆಗೆ ವಿಜ್ಞಾನವು ಕಂಡುಕೊಂಡಿರುವ ಉತ್ತರವನ್ನು ತಿಳಿದವರು ಮೈನಾವನ್ನು ಪಂಜರದಲ್ಲಿಟ್ಟು ಮಾತು ಕಲಿಸಲು ಮನಸ್ಸು ಮಾಡಲಾರರು. ಇದೇ ಈ ಲೇಖನದಲ್ಲಿ ನಾವು ವಾಚಕರ ಮುಂದಿಡಬಯಸುವ ಅಭಿಪ್ರಾಯ.

ಮೊದಲು ಮೈನಾ ಎಂದರೆ ಯಾವುದು ಎಂಬುದನ್ನು ಸ್ಪಷ್ಟಮಾಡಿಕೊಳ್ಳಬೇಕು. ಈ ಹೆಸರಿನಡಿಯಲ್ಲಿ ನಾವು ಹಲವು ಹಕ್ಕಿಗಳನ್ನು ಸೇರಿಸಿಬಿಡುತ್ತೇವೆ. ಹೊಲಮನೆಗಳಲ್ಲಿ ಸದಾ ಕಾಣುವುದು ಗೊರವಂಕ. ಕಂದು ಮೈ, ಕಪ್ಪು ತಲೆ, ಹಳದಿ ಕೊಕ್ಕು, ಕಣ್ಣಿನ ಬದಿಯಲ್ಲಿ ಹಳದಿ ಚರ್ಮ, ಹಾರುವಾಗ ರೆಕ್ಕೆಯಲ್ಲಿ ಹೊಳೆಯುವ ಬಿಳಿಯ ಪಟ್ಟೆ ಇದರ ಗುರುತುಗಳು. ತಲೆಯ ಮೇಲೆ ಕಪ್ಪು ಜುಟ್ಟು, ಎದೆಯಲ್ಲಿ ತಿಳಿಯಾದ ಹೊಂಬಣ್ಣವಿರುವುದು ಕಬ್ಬಕ್ಕಿ. ಮಳೆಗಾಲ ಮುಗಿಯುತ್ತ ಬಂದಂತೆ ಹೊರನಾಡಿನಿಂದ ದೊಡ್ಡ ಹಿಂಡುಗಳಾಗಿ ಬಂದಿಳಿಯುವ, ಗುಲಾಬಿ ಮೈಯ ಹಕ್ಕಿ ಗುಲಾಬಿ ಕಬ್ಬಕ್ಕಿ. ಈ ಮೂರನ್ನೂ ರಾಮದುರ್ಗ, ಸವದತ್ತಿ, ಬೈಲಹೊಂಗಲದ ಬಯಲಿನಲ್ಲಿ ನೋಡಬಹುದು. ಆದರೆ ಮಾತಿಗೆ ಲೋಕಪ್ರಸಿದ್ಧವಾದದ್ದು ಇವು ಯಾವುವೂ ಅಲ್ಲ. ಅದು ಬೆಟ್ಟದ ಮೈನಾ. ಹೊಳೆಯುವ ಕಪ್ಪು ಮೈ, ಕಿತ್ತಳೆ ಬಣ್ಣದ ಕೊಕ್ಕು, ತಲೆಯ ಬದಿಯಲ್ಲಿ ಜೋಲುವ ಹಳದಿ ಚರ್ಮದ ಪಟ್ಟಿಗಳುಳ್ಳ ಈ ಹಕ್ಕಿ ಮಳೆಕಾಡಿನ ಎತ್ತರದ ಮರಗಳಲ್ಲಿ ಹಣ್ಣು ತಿಂದು ಬಾಳುತ್ತದೆ, ನೆಲಕ್ಕಿಳಿಯುವುದೇ ಅಪರೂಪ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಇದರ ದಕ್ಷಿಣದ ಬಳಗವಿದೆ. ಪಕ್ಷಿತಜ್ಞರಲ್ಲಿ ಹಲವರು ಈಗ ಅದನ್ನು ಪ್ರತ್ಯೇಕ ಪ್ರಭೇದವೆಂದೇ ಎಣಿಸುತ್ತಾರೆ. ಗೊರವಂಕವನ್ನು ಸಾಕಿದರೆ ಅದೂ ಕೆಲವು ಮಾತುಗಳನ್ನು ಕಲಿಯುವುದುಂಟು, ಆದರೆ ಬೆಟ್ಟದ ಮೈನಾದ ಉಚ್ಚಾರದ ಸ್ಪಷ್ಟತೆ ಅದಕ್ಕೆ ಬಾರದು.

ಗೊರವಂಕದ ವೈಜ್ಞಾನಿಕ ನಾಮದಲ್ಲಿ ಒಂದು ಸ್ವಾರಸ್ಯವಿದೆ. ಸ್ವೀಡನ್ನಿನ ನಿಸರ್ಗವಿಜ್ಞಾನಿ ಲಿನೀಯಸ್ ೧೭೬೬ರಲ್ಲಿ ಇದನ್ನು ವರ್ಣಿಸುವಾಗ, ನ್ಯೂ ಗಿನಿಯ ಕಡೆಯ ಸ್ವರ್ಗಪಕ್ಷಿಗಳ ಗುಂಪಿಗೆ ಸೇರಿಸಿ, ಟ್ರಿಸ್ಟಿಸ್, ಎಂದರೆ ದುಃಖಿ, ಎಂದು ಹೆಸರಿಟ್ಟನು. ನಮ್ಮ ಹೊಲದ ಹಕ್ಕಿ ಸ್ವರ್ಗದ್ದೂ ಅಲ್ಲ, ದುಃಖಿಯೂ ಅಲ್ಲ. ಮುಂದೆ ೧೮೧೬ರಲ್ಲಿ ಫ್ರಾನ್ಸಿನ ವಿಯೆಲೊ ಇದರ ಕುಲಕ್ಕೆ ಕೊಟ್ಟ ಹೆಸರು ಹೆಚ್ಚು ಯುಕ್ತವಾಗಿದೆ: ಅಕ್ರಿಡೊಥೀರಸ್, ಮಿಡತೆಯ ಬೇಟೆಗಾರ. ರಂಟೆಯ ಹಿಂದೆ ನಡೆಯುವ ಗೊರವಂಕವನ್ನು ಅರ್ಧ ಗಂಟೆ ನೋಡಿದವರು ಈ ಹೆಸರನ್ನು ಒಪ್ಪದಿರಲಾರರು. ಮಣ್ಣಿನೊಡನೆ ಮೇಲೆ ಬರುವ ಹುಳುಗಳು, ಮಿಡತೆಗಳು, ಗೊಬ್ಬರದ ಹುಳುಗಳು ಒಂದರ ಹಿಂದೊಂದು ಅದರ ಕೊಕ್ಕಿಗೆ ಸಿಗುತ್ತವೆ. ಅದು ಗುಬ್ಬಿಯಂತೆ ಕುಪ್ಪಳಿಸುವುದಿಲ್ಲ. ಕೋಳಿಯಂತೆ ಒಂದರ ಮುಂದೊಂದು ಹೆಜ್ಜೆಯಿಟ್ಟು ನಡೆಯುತ್ತದೆ.

ಇದರ ಸಂಸಾರವೂ ನೋಡತಕ್ಕದ್ದೇ. ಬೇಸಗೆಯಿಂದ ಮಳೆಗಾಲದವರೆಗೆ ಗಂಡು ಹೆಣ್ಣುಗಳೆರಡೂ ಕೂಡಿ ಬೇವಿನ ಪೊಟರೆಯಲ್ಲಿಯೋ ಹಾಳುಗೋಡೆಯ ತೂತಿನಲ್ಲಿಯೋ ಮಾಳಿಗೆಯ ಸಂದಿನಲ್ಲಿಯೋ ಹುಲ್ಲು, ಕಡ್ಡಿ, ಚಿಂದಿ, ಕಾಗದದ ಚೂರುಗಳನ್ನು ತುರುಕಿ ಗೂಡು ಮಾಡುತ್ತವೆ. ನಾಲ್ಕೈದು ತಿಳಿನೀಲಿ ಮೊಟ್ಟೆಗಳು. ಕಾವು ಕೊಡುವುದರಲ್ಲಿಯೂ ಮರಿಗಳಿಗೆ ಉಣಿಸುವುದರಲ್ಲಿಯೂ ತಂದೆತಾಯಿಗಳಿಬ್ಬರಿಗೂ ಪಾಲುಂಟು. ಮರಿಗಳು ಮೂರು ವಾರಗಳು ಕಳೆದ ಮೇಲೆ ಗೂಡು ಬಿಡುತ್ತವೆ, ಆದರೆ ಅನಂತರವೂ ಕೆಲವು ದಿನ ಬಾಯಿ ತೆರೆದು ಹಿರಿಯರ ಹಿಂದೆ ಓಡಾಡುತ್ತವೆ. ಸಂಜೆಯಾದೊಡನೆ ಸುತ್ತಿನ ಹಕ್ಕಿಗಳೆಲ್ಲ ಒಂದು ಆಲದ ಮರದಲ್ಲಿಯೋ ಊರ ನಡುವಿನ ಅರಳಿಯಲ್ಲಿಯೋ ಕೂಡಿ ಎಬ್ಬಿಸುವ ಗದ್ದಲವನ್ನು ಕೇಳದವರಿಲ್ಲ. ನೂರಾರು ದನಿಗಳು ಒಟ್ಟಿಗೆ ಏರಿ, ಕತ್ತಲಾದಂತೆ ಒಂದೊಂದಾಗಿ ಇಳಿದು, ಕೊನೆಗೆ ಒಮ್ಮೆಲೇ ಮೌನ ಕವಿಯುತ್ತದೆ. ಮೈನಾ ಒಂಟಿಯಾಗಿ ಬಾಳಲೆಂದು ಹುಟ್ಟಿದ ಹಕ್ಕಿಯಲ್ಲ. ಮುಂದೆ ಹೇಳಲಿರುವುದನ್ನೆಲ್ಲ ಈ ಒಂದು ಸಂಗತಿಯ ಬೆಳಕಿನಲ್ಲಿ ನೋಡಬೇಕು.

ರೈತನಿಗೆ ಈ ಹಕ್ಕಿಗಳಿಂದ ಉಪಕಾರವೇ ಎಂದು ಏಕಪಕ್ಷೀಯವಾಗಿ ಹೇಳುವುದು ಸರಿಯಲ್ಲ. ಹಿಂಗಾರಿ ಜೋಳದ ತೆನೆ ಹಾಲುಗಾಳಿಗೆ ಬಂದು ಊರಿನಲ್ಲಿ ಸೀತನಿಯ ಕಾಲ ಆರಂಭವಾದಾಗ ಗುಲಾಬಿ ಕಬ್ಬಕ್ಕಿಗಳ ಹಿಂಡು ಮೋಡದಂತೆ ಬಂದು ಹೊಲಕ್ಕಿಳಿಯುತ್ತದೆ. ಅಟ್ಟದ ಮೇಲೆ ನಿಂತು ಕವಣೆ ಬೀಸುವವನಿಗೆ ಅವು ಶತ್ರುಗಳೇ ಸರಿ. ಆದರೆ ಇದೇ ಹಕ್ಕಿ ಮಧ್ಯ ಏಷ್ಯದ ಹುಲ್ಲುಗಾವಲುಗಳಲ್ಲಿ ಮರಿಮಾಡುವಾಗ ಅದರ ಮುಖ್ಯ ಆಹಾರ ಮಿಡತೆ. ಚೀನದ ಷಿನ್‌ಜಿಯಾಂಗ್ ಪ್ರಾಂತದಲ್ಲಿ ಮಿಡತೆಯ ಹಾವಳಿಯನ್ನು ತಡೆಯಲು ಇವುಗಳಿಗಾಗಿಯೇ ಕಲ್ಲಿನ ಗೂಡುತಾಣಗಳನ್ನು ಕಟ್ಟಿಸಿಕೊಟ್ಟಿದ್ದಾರೆ. ನಮ್ಮ ಹೊಲದಲ್ಲಿ ಕಳ್ಳನಾದದ್ದು ಅಲ್ಲಿ ಕಾವಲುಗಾರ.

ಗೊರವಂಕದ ಕಥೆಯೂ ಹೀಗೆಯೇ. ೧೭೬೨ರಲ್ಲಿ, ಆಗ ಫ್ರೆಂಚರ ವಶದಲ್ಲಿದ್ದ ಮಾರಿಷಸ್ ದ್ವೀಪಕ್ಕೆ ಕೆಂಪು ಮಿಡತೆಗಳನ್ನು ಅಡಗಿಸಲೆಂದು ಇದನ್ನು ಭಾರತದಿಂದ ಒಯ್ದರು. ಒಂದು ಪೀಡೆಯನ್ನು ಹತೋಟಿಗೆ ತರಲು ಒಂದು ಜೀವಿಯನ್ನು ದೇಶದಿಂದ ದೇಶಕ್ಕೆ ಸಾಗಿಸಿದ ಮೊದಲ ಪ್ರಯತ್ನಗಳಲ್ಲಿ ಇದೊಂದೆಂದು ಕೀಟಶಾಸ್ತ್ರದ ಗ್ರಂಥಗಳು ಇಂದಿಗೂ ಉಲ್ಲೇಖಿಸುತ್ತವೆ. ಅದೇ ಆಸೆಯಿಂದ ೧೮೬೨ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿಗೂ ಅನಂತರ ಅಲ್ಲಿಯ ಕಬ್ಬಿನ ಸೀಮೆಗೂ ಇದನ್ನು ತಂದು ಬಿಟ್ಟರು. ಅಲ್ಲಿ ಅದು ಹುಳುಗಳನ್ನು ತಿಂದದ್ದಕ್ಕಿಂತ ಹೆಚ್ಚಾಗಿ, ಮರದ ಪೊಟರೆಗಳನ್ನು ಆಕ್ರಮಿಸಿ ಅಲ್ಲಿಯ ಹಕ್ಕಿಗಳನ್ನು ಹೊರದೂಡಿತೆಂಬ ಅಪವಾದಕ್ಕೆ ಗುರಿಯಾಯಿತು. ೨೦೦೦ದಲ್ಲಿ ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಪ್ರಕಟಿಸಿದ, ಪರಸ್ಥಳಗಳಲ್ಲಿ ಹಬ್ಬಿ ಹಾನಿಮಾಡುವ ನೂರು ಜೀವಿಗಳ ಪಟ್ಟಿಯಲ್ಲಿ ಹಕ್ಕಿಗಳು ಮೂರೇ. ಅವುಗಳಲ್ಲಿ ಗೊರವಂಕವೂ ಒಂದು. ಹಕ್ಕಿ ಬದಲಾಗಲಿಲ್ಲ, ಅದನ್ನು ಇರಿಸಿದ ಸ್ಥಳ ಬದಲಾಯಿತು. ಸಾಲಹಳ್ಳಿಯ ಹೊಲದಲ್ಲಿ ಸಾವಿರಾರು ವರ್ಷಗಳಿಂದ ಅದಕ್ಕೊಂದು ಗೊತ್ತಾದ ಸ್ಥಾನವುಂಟು. ಅದನ್ನು ಬೇಟೆಯಾಡುವ ಗಿಡುಗವೂ ಹಾವೂ ಅಲ್ಲಿಯೇ ಉಂಟು. ಮನುಷ್ಯನು ತನ್ನ ಅನುಕೂಲಕ್ಕಾಗಿ ಹಕ್ಕಿಯನ್ನು ಅದರ ಸ್ಥಾನದಿಂದ ಕಿತ್ತು ಬೇರೆಡೆಗೆ ಒಯ್ದಾಗಲೆಲ್ಲ ತೊಡಕು ಹುಟ್ಟಿದೆ. ಪಂಜರವೂ ಅಂಥದೊಂದು ಬೇರೆಡೆಯೇ.

ಮೈನಾಕ್ಕೆ ಮಾತು ಕಲಿಸುವ ಹವ್ಯಾಸ ನಮ್ಮ ದೇಶದಲ್ಲಿ ಬಹು ಹಳೆಯದು. ವಾತ್ಸ್ಯಾಯನನು ಎಣಿಸಿರುವ ಅರವತ್ತನಾಲ್ಕು ಕಲೆಗಳಲ್ಲಿ ಗಿಳಿಗೂ ಸಾರಿಕೆಗೂ ಮಾತು ಕಲಿಸುವುದು ಒಂದು ಕಲೆ. ಕಾಳಿದಾಸನ ಮೇಘದೂತದ ಯಕ್ಷಪತ್ನಿ ಪಂಜರದ ಸಾರಿಕೆಯೊಡನೆ ತನ್ನ ವಿರಹವನ್ನು ಹಂಚಿಕೊಳ್ಳುತ್ತಾಳೆ. ಬಾದಾಮಿಯ ಇಮ್ಮಡಿ ಪುಲಕೇಶಿಯು ದಕ್ಷಿಣಕ್ಕೆ ಬಾರದಂತೆ ತಡೆದ ಹರ್ಷಚಕ್ರವರ್ತಿಯ ಹೆಸರಿನಲ್ಲಿರುವ ರತ್ನಾವಳಿ ನಾಟಕದಲ್ಲಿ, ನಾಯಿಕೆಯು ಗೆಳತಿಯೊಡನೆ ಗುಟ್ಟಾಗಿ ಆಡಿದ ಪ್ರೇಮದ ಮಾತುಗಳನ್ನು ಪಂಜರದಿಂದ ತಪ್ಪಿಸಿಕೊಂಡ ಸಾರಿಕೆಯೊಂದು ಉಪವನದಲ್ಲಿ ಹೇಳಿ, ರಾಜನ ಕಿವಿಗೆ ಬೀಳುವಂತೆ ಮಾಡುತ್ತದೆ. ನಾಟಕಕ್ಕೆ ಇದು ಸೊಗಸಾದ ತಿರುವು. ಆದರೆ ಒಮ್ಮೆ ಕೇಳಿದ ಸಂಭಾಷಣೆಯನ್ನು ಇಡಿಯಾಗಿ ಒಪ್ಪಿಸುವ ಶಕ್ತಿ ಕವಿಯ ಸಾರಿಕೆಗಲ್ಲದೆ ನಿಜವಾದ ಸಾರಿಕೆಗಿಲ್ಲ; ಅದು ಎಳೆಯ ವಯಸ್ಸಿನಲ್ಲಿ, ಮತ್ತೆ ಮತ್ತೆ ಕೇಳಿದ್ದನ್ನು ಮಾತ್ರ ಕಲಿಯುತ್ತದೆ. ಆದುದರಿಂದಲೇ ಹಕ್ಕಿ ಹಿಡಿಯುವವರು ಬೆಳೆದ ಹಕ್ಕಿಯನ್ನು ಬಿಟ್ಟು ಗೂಡಿನಲ್ಲಿರುವ ಮರಿಗೆ ಕೈಹಾಕುತ್ತಾರೆ.

ಹಕ್ಕಿ ಮಾತನಾಡುವುದಾದರೂ ಹೇಗೆ? ನಮ್ಮ ಧ್ವನಿಪೆಟ್ಟಿಗೆ ಶ್ವಾಸನಾಳದ ಮೇಲ್ತುದಿಯಲ್ಲಿ, ಗಂಟಲಿನಲ್ಲಿದೆ. ಹಕ್ಕಿಗಳ ಧ್ವನಿಯಂತ್ರ ಇರುವುದು ಶ್ವಾಸನಾಳದ ಬುಡದಲ್ಲಿ, ಅದು ಎರಡು ಶ್ವಾಸಕೋಶಗಳಿಗೆ ಕವಲೊಡೆಯುವ ಎದೆಯೊಳಗಿನ ಜಾಗದಲ್ಲಿ. ಇದಕ್ಕೆ ಸಿರಿಂಕ್ಸ್ ಎಂದು ಹೆಸರು. ಮೈನಾ ಸೇರಿರುವ ಹಾಡುಹಕ್ಕಿಗಳ ಗಣದಲ್ಲಿ ಎಡಬಲದ ಎರಡು ಕವಲುಗಳಲ್ಲಿಯೂ ಕಂಪಿಸುವ ತೆಳುಪೊರೆಗಳಿವೆ. ಎರಡಕ್ಕೂ ಬೇರೆ ಬೇರೆ ನರಗಳೂ ಸ್ನಾಯುಗಳೂ ಇವೆ. ಆದುದರಿಂದ ಹಕ್ಕಿ ಏಕಕಾಲದಲ್ಲಿ ಎರಡು ಸ್ವರಗಳನ್ನು ಹೊರಡಿಸಬಲ್ಲುದು. ೧೯೭೪ರಲ್ಲಿ ಅಮೆರಿಕದ ಡೆನಿಸ್ ಕ್ಲಾಟ್ ಮತ್ತು ರೇಮಂಡ್ ಸ್ಟೆಫಾನ್‌ಸ್ಕಿ ಎಂಬುವರು ಮೈನಾದ ಮಾತಿನ ಧ್ವನಿಚಿತ್ರಗಳನ್ನು ಮನುಷ್ಯನ ಮಾತಿನ ಚಿತ್ರಗಳೊಡನೆ ಹೋಲಿಸಿ ನೋಡಿದಾಗ ಎರಡರಲ್ಲಿಯೂ ಬಹಳ ಸಾಮ್ಯವಿರುವುದು ಕಂಡುಬಂದಿತು.

ಇಲ್ಲಿ ಒಂದು ಕ್ರೂರವಾದ ಮೂಢನಂಬಿಕೆಯನ್ನು ಹೆಸರಿಸಿ ಖಂಡಿಸದೆ ಮುಂದೆ ಹೋಗಲಾಗದು. ಮೈನಾದ ನಾಲಿಗೆಯನ್ನು ಕೆರೆದರೆ ಅಥವಾ ಸೀಳಿದರೆ ಅದಕ್ಕೆ ಮಾತು ಬರುತ್ತದೆಂದು ನಂಬುವವರಿದ್ದಾರೆ. ಧ್ವನಿ ಹುಟ್ಟುವುದು ನಾಲಿಗೆಯಲ್ಲಿ ಅಲ್ಲ, ಎದೆಯೊಳಗಿನ ಸಿರಿಂಕ್ಸಿನಲ್ಲಿ. ನಾಲಿಗೆಗೆ ಮಾಡಿದ ಗಾಯದಿಂದ ಹಕ್ಕಿಗೆ ಆಹಾರ ನುಂಗುವುದು ಕಷ್ಟವಾಗುತ್ತದೆಯೇ ಹೊರತು ಒಂದಕ್ಷರವೂ ಬಾರದು. ನಾಲಿಗೆಯ ಮಾತಿರಲಿ, ಮರಿಗೆ ಮೆಣಸಿನಕಾಯಿ ತಿನ್ನಿಸಿದರೆ ಉಚ್ಚಾರ ತಿದ್ದುತ್ತದೆಂಬ ನಂಬಿಕೆಗೂ ಆಧಾರವಿಲ್ಲ.

ಹೇಗೆ ಎಂಬುದಕ್ಕಿಂತ ಏಕೆ ಎಂಬ ಪ್ರಶ್ನೆ ದೊಡ್ಡದು. ಕಾಡಿನಲ್ಲಿ ಮನುಷ್ಯನ ಮಾತಿನಿಂದ ಪ್ರಯೋಜನವೇ ಇಲ್ಲದ ಹಕ್ಕಿಗೆ ಇಂಥ ಅನುಕರಣ ಶಕ್ತಿ ಏತಕ್ಕೆ ಬಂತು? ಬ್ರಯನ್ ಬರ್ಟ್ರಮ್ ಎಂಬ ವಿಜ್ಞಾನಿ ಅಸ್ಸಾಮಿನಲ್ಲಿ ಬೆಟ್ಟದ ಮೈನಾಗಳ ಕೂಗುಗಳನ್ನು ಧ್ವನಿಮುದ್ರಿಸಿಕೊಂಡು ಅಭ್ಯಾಸಮಾಡಿ ೧೯೭೦ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದನು. ಅವು ಯಾರನ್ನಾದರೂ ಬೆರಗುಗೊಳಿಸುವಂಥವು. ಪಂಜರದಲ್ಲಿ ಯಾರ ಮಾತನ್ನಾದರೂ ಅನುಕರಿಸುವ ಈ ಹಕ್ಕಿ ಕಾಡಿನಲ್ಲಿ ಬೇರೆ ಯಾವ ಹಕ್ಕಿಯ ದನಿಯನ್ನೂ ಅನುಕರಿಸುವುದಿಲ್ಲ! ಅದು ಅನುಕರಿಸುವುದು ತನ್ನ ನೆರೆಯ ಮೈನಾಗಳನ್ನು ಮಾತ್ರ. ಪ್ರತಿಯೊಂದು ಹಕ್ಕಿಗೂ ಮೂರರಿಂದ ಹದಿಮೂರರವರೆಗೆ ವಿಶಿಷ್ಟವಾದ ಕೂಗುಗಳಿರುತ್ತವೆ. ಅವುಗಳಲ್ಲಿ ಕೆಲವನ್ನು ನೆರೆಯ ಹಕ್ಕಿಗಳೊಡನೆ ಹಂಚಿಕೊಂಡಿರುತ್ತದೆ. ಗಂಡು ಗಂಡುಗಳಿಂದ, ಹೆಣ್ಣು ಹೆಣ್ಣುಗಳಿಂದ ಕಲಿಯುತ್ತದೆ. ಹದಿನೈದು ಕಿಲೋಮೀಟರಿನಾಚೆ ಹೋದರೆ ಅಲ್ಲಿಯ ಹಕ್ಕಿಗಳಿಗೂ ಇಲ್ಲಿಯ ಹಕ್ಕಿಗಳಿಗೂ ಸಮಾನವಾದ ಒಂದು ಕೂಗೂ ಇರುವುದಿಲ್ಲ.

ವಿದ್ಯಾರ್ಥಿಗಳು ಈ ಮಾತನ್ನು ನಿಧಾನವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಹದಿನೈದು ಕಿಲೋಮೀಟರೆಂದರೆ ಚಕ್ಕಡಿಯಲ್ಲಿ ಬೆಳಗ್ಗೆ ಹೊರಟು ಸಂತೆ ಮುಗಿಸಿ ಸಂಜೆಗೆ ಮನೆ ಸೇರುವಷ್ಟು ದಾರಿ. ಧಾರವಾಡದ ಕನ್ನಡಕ್ಕೂ ಮೈಸೂರಿನ ಕನ್ನಡಕ್ಕೂ ಇರುವ ಭೇದವನ್ನು ನಾವು ಎತ್ತಿ ಆಡುತ್ತೇವೆ. ಅಷ್ಟು ದೂರ ಹೋಗಿಯೂ ನಮ್ಮ ಮಾತು ಪರಸ್ಪರ ತಿಳಿಯುತ್ತದೆ. ಬೆಟ್ಟದ ಮೈನಾಕ್ಕಾದರೋ ಒಂದು ಕಣಿವೆಯಿಂದ ಇನ್ನೊಂದು ಕಣಿವೆಗೆ ನುಡಿಯೇ ಬೇರೆ. ಆ ನುಡಿ ರಕ್ತದಲ್ಲಿ ಬಂದದ್ದಲ್ಲ. ಮರಿ ತನ್ನ ನೆರೆಹೊರೆಯವರನ್ನು ಕೇಳಿ ಕೇಳಿ ಕಲಿತದ್ದು. ಅನುಕರಣ ಶಕ್ತಿ ಅದಕ್ಕಿರುವುದು ನಮ್ಮನ್ನು ರಂಜಿಸಲಿಕ್ಕಲ್ಲ; ತನ್ನವರ ನಡುವೆ ಒಬ್ಬನಾಗಿ ಬಾಳಲಿಕ್ಕೆ.

ಹೀಗಿರುವಾಗ ಪಂಜರದ ಮೈನಾ ನಮ್ಮ ಮಾತನ್ನು ಆಡುವುದರ ಅರ್ಥವೇನು? ಕಲಿಯುವ ವಯಸ್ಸಿನಲ್ಲಿ ಅದರ ನೆರೆಹೊರೆಯನ್ನು ನಾವು ಕಿತ್ತುಕೊಂಡಿದ್ದೇವೆ. ಕಲಿಯಲು ಉಳಿದಿರುವ ದನಿ ನಮ್ಮದೊಂದೇ. ಅದು ಅದನ್ನೇ ಕಲಿಯುತ್ತದೆ. “ಬಾ, ಕೂಡು” ಎಂದು ಅತಿಥಿಯನ್ನು ಸ್ಪಷ್ಟವಾಗಿ ಕರೆಯುವ ಹಕ್ಕಿಯನ್ನು ಮೆಚ್ಚಿ ಚಪ್ಪಾಳೆ ತಟ್ಟುವವರು, ತನ್ನ ಕುಲದ ಒಂದು ಕೂಗೂ ಬಾರದ ಹಕ್ಕಿ ಅದೆಂಬುದನ್ನು ಮರೆತಿರುತ್ತಾರೆ. ಆ ಮಾತಿನ ಸ್ಪಷ್ಟತೆ ಅದರ ಒಂಟಿತನದ ಅಳತೆಯೆಂದೇ ನಾವು ಭಾವಿಸುತ್ತೇವೆ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾವು ಬಲ್ಲೆವು. ಮೊದಲನೆಯದು, ಗೊರವಂಕಗಳು ಲೆಕ್ಕವಿಲ್ಲದಷ್ಟಿವೆ, ಒಂದನ್ನು ಸಾಕಿದರೆ ಏನು ಕೊರತೆ ಎಂಬುದು. ಗೊರವಂಕದ ಸಂಖ್ಯೆಗೆ ಕೊರತೆಯಾಗದಿರಬಹುದು. ಆದರೆ ಸಂಖ್ಯೆಯೊಂದೇ ಇಲ್ಲಿಯ ಪ್ರಶ್ನೆಯಲ್ಲ. ನೂರಾರು ಹಕ್ಕಿಗಳ ನಡುವೆ ಸಂಜೆ ಕಳೆಯುವ ಜೀವಿಯನ್ನು ಒಂಟಿಯಾಗಿಡುವುದು ಎಷ್ಟು ಸರಿ ಎಂಬುದೇ ಪ್ರಶ್ನೆ. ಮೇಲಾಗಿ, ಬೆಟ್ಟದ ಮೈನಾದ ವಿಷಯದಲ್ಲಿ ಸಂಖ್ಯೆಯ ಮಾತೂ ನಿಲ್ಲುವುದಿಲ್ಲ. ಅದಕ್ಕೆ ಗೂಡಿಗಾಗಿ ಎತ್ತರದ ಹಳೆಯ ಮರದ ಪೊಟರೆಯೇ ಬೇಕು. ಮರಿಗಾಗಿ ಅಂಥ ಮರವನ್ನು ಏರಿ ಪೊಟರೆಯನ್ನು ಒಡೆದರೆ ಮುಂದಿನ ವರ್ಷದ ಗೂಡೂ ಹಾಳಾಗುತ್ತದೆ. ಪಂಜರದ ವ್ಯಾಪಾರದಿಂದ ಏಷ್ಯದ ಹಲವೆಡೆಗಳಲ್ಲಿ ಈ ಹಕ್ಕಿ ವಿರಳವಾದುದರಿಂದಲೇ ೧೯೯೭ರಲ್ಲಿ ಅದನ್ನು ಅಂತಾರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಡಿಸಲಾಯಿತು.

ಎರಡನೆಯದು, ನಾವು ಪ್ರೀತಿಯಿಂದ ಸಾಕುತ್ತೇವೆ, ಹಣ್ಣುಹಂಪಲು ಕೊಡುತ್ತೇವೆ ಎಂಬುದು. ಪ್ರೀತಿಯನ್ನು ನಾವು ಸಂಶಯಿಸುವುದಿಲ್ಲ. ಆದರೆ ಪಂಜರದ ಬೆಟ್ಟದ ಮೈನಾಗಳಿಗೆ ಯಕೃತ್ತಿನಲ್ಲಿ ಕಬ್ಬಿಣದ ಅಂಶ ಶೇಖರವಾಗುವ ರೋಗ ತಗಲುವುದು ಪಶುವೈದ್ಯರಿಗೆ ಚೆನ್ನಾಗಿ ತಿಳಿದ ವಿಷಯ. ಕಾಡಿನ ಹಣ್ಣುಗಳಿಗೆ ಒಗ್ಗಿದ ಅದರ ದೇಹ ನಮ್ಮ ಅಡಿಗೆಮನೆಯ ಆಹಾರವನ್ನು ತಾಳಲಾರದು. ಪ್ರೀತಿಯು ಜ್ಞಾನವನ್ನು ಜೊತೆಗೆ ಕರೆದೊಯ್ಯದಿದ್ದರೆ ಪ್ರೀತಿಸಿದ ಜೀವಕ್ಕೇ ಕೇಡು.

ಮೂರನೆಯದು, ಮಕ್ಕಳಿಗೆ ಪಕ್ಷಿಗಳ ಮೇಲೆ ಅಕ್ಕರೆ ಹುಟ್ಟುವುದು ಸಾಕಿದಾಗಲೇ ಎಂಬುದು. ಪಟ್ಟಣದ ಮಕ್ಕಳ ವಿಷಯದಲ್ಲಿ ಈ ವಾದಕ್ಕೆ ಸ್ವಲ್ಪ ತೂಕವಿರಬಹುದು. ಆದರೆ ಬಾಗಿಲು ತೆರೆದರೆ ಗೊರವಂಕ, ಹೊಲಕ್ಕೆ ಹೋದರೆ ಕಬ್ಬಕ್ಕಿ, ಚಳಿಗಾಲದಲ್ಲಿ ಸಾವಿರಗಟ್ಟಲೆ ಗುಲಾಬಿ ಕಬ್ಬಕ್ಕಿ ಕಾಣುವ ನಾಡಿನಲ್ಲಿ ಪಂಜರವೇ ಪಾಠಶಾಲೆಯಾಗಬೇಕೆ?

ಕಾಯಿದೆಯೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ದೇಶದ ಮೈನಾಗಳನ್ನು ಹಿಡಿಯುವುದು ಅಪರಾಧ. ೧೯೯೦-೯೧ರಿಂದ ಭಾರತದ ಕಾಡುಹಕ್ಕಿಗಳ ವ್ಯಾಪಾರಕ್ಕೆ ಪೂರ್ತಿ ನಿಷೇಧವಿದೆ. ಆದರೆ ಕಾಯಿದೆಯ ಭಯಕ್ಕಿಂತ ತಿಳಿವಳಿಕೆ ಗಟ್ಟಿಯಾದ ಕಾವಲೆಂದು ನಮ್ಮ ನಂಬಿಕೆ. ಸಂತೆಯಲ್ಲಿ ಕೊಳ್ಳುವವರಿಲ್ಲದಿದ್ದರೆ ಪೊಟರೆಗೆ ಕೈಹಾಕುವವರೂ ಇರುವುದಿಲ್ಲ.

ಗೂಡಿನಿಂದ ಬಿದ್ದ ಮರಿಯನ್ನು ಕಂಡು ಕರುಣೆಯಿಂದ ಮನೆಗೆ ತರುವ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳಬೇಕಾಗಿದೆ. ಗರಿ ಬಂದು ನೆಲದಲ್ಲಿ ಕುಪ್ಪಳಿಸುತ್ತಿರುವ ಮರಿ ಸಾಮಾನ್ಯವಾಗಿ ಅನಾಥವಲ್ಲ. ಹಾರಲು ಕಲಿಯುತ್ತಿರುತ್ತದೆ, ತಂದೆತಾಯಿಗಳು ಹತ್ತಿರದಲ್ಲಿಯೇ ಇರುತ್ತವೆ. ನಾಯಿ ಬೆಕ್ಕುಗಳ ಬಾಯಿಗೆ ಬೀಳದಂತೆ ಅದನ್ನು ಸಮೀಪದ ಪೊದೆಯಲ್ಲಿಯೋ ಕೊಂಬೆಯ ಮೇಲೆಯೋ ಇರಿಸಿ ದೂರ ಸರಿದರೆ ಸಾಕು. ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂಬ ಮಾತು ನಿಜವಲ್ಲ. ಗಾಯಗೊಂಡಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸುವುದು ಯುಕ್ತ.

ಪಂಜರ ಬೇಡವೆಂದ ಮೇಲೆ ಬೇಕಾದದ್ದೇನೆಂಬುದನ್ನೂ ಹೇಳಬೇಕು. ಒಂದು ನೋಟುಬುಕ್ಕು, ಒಂದು ಪೆನ್ಸಿಲು, ದಿನಕ್ಕೆ ಅರ್ಧ ಗಂಟೆ; ಇಷ್ಟೇ ಸಾಕು. ಗೊರವಂಕವು ಗಿಡುಗವನ್ನು ಕಂಡಾಗ ಹೊರಡಿಸುವ ದನಿ ಯಾವುದು, ಹಾರುವ ಮುನ್ನ ಕೂಗುವುದು ಯಾವುದು, ಜೋಡಿಯ ಮುಂದೆ ತಲೆ ಬಾಗಿಸಿ ಗರಿ ಕೆದರಿ ಹಾಡುವುದು ಯಾವುದು? ಒಂದು ವಾರದಲ್ಲಿ ಎಷ್ಟು ಬಗೆಯ ದನಿಗಳನ್ನು ಬೇರ್ಪಡಿಸಬಹುದು? ಸಂಜೆಯ ಮರಕ್ಕೆ ಮೊದಲ ಹಕ್ಕಿ ಎಷ್ಟು ಗಂಟೆಗೆ ಬರುತ್ತದೆ, ಸೂರ್ಯಾಸ್ತ ಬದಲಾದಂತೆ ಅದರ ವೇಳೆಯೂ ಬದಲಾಗುತ್ತದೆಯೆ? ಗುಲಾಬಿ ಕಬ್ಬಕ್ಕಿಗಳ ಮೊದಲ ಹಿಂಡು ಈ ವರ್ಷ ಯಾವ ದಿನ ಕಂಡಿತು, ಕೊನೆಯದು ಯಾವ ದಿನ ಹೊರಟಿತು? ಕಿತ್ತೂರಿನ ಒಬ್ಬ ವಿದ್ಯಾರ್ಥಿಯೂ ಸಾಲಹಳ್ಳಿಯ ಒಬ್ಬ ವಿದ್ಯಾರ್ಥಿನಿಯೂ ತಮ್ಮ ತಮ್ಮ ಊರಿನ ಗೊರವಂಕಗಳ ಕೂಗನ್ನು ಕೈಫೋನಿನಲ್ಲಿ ಮುದ್ರಿಸಿಕೊಂಡು ಹೋಲಿಸಿ ನೋಡಿದರೆ, ಬರ್ಟ್ರಮ್ ಅಸ್ಸಾಮಿನಲ್ಲಿ ಕೇಳಿದ ಪ್ರಶ್ನೆಯನ್ನೇ ಅವರು ಮಲಪ್ರಭೆಯ ದಂಡೆಯಲ್ಲಿ ಕೇಳಿದಂತಾಗುತ್ತದೆ. ಇದಕ್ಕೆ ಪ್ರಯೋಗಶಾಲೆ ಬೇಡ, ತಾಳ್ಮೆ ಬೇಕು.

ಹಕ್ಕಿಗೆ ನಮ್ಮ ಹತ್ತು ಮಾತುಗಳನ್ನು ಕಲಿಸಿದರೆ ನಮ್ಮ ಜ್ಞಾನ ಒಂದಿಷ್ಟೂ ಹೆಚ್ಚುವುದಿಲ್ಲ. ಆ ಹತ್ತು ಮಾತುಗಳು ನಮಗೆ ಮೊದಲೇ ಗೊತ್ತಿದ್ದವು. ಹಕ್ಕಿಯ ಹತ್ತು ಕೂಗುಗಳ ಅರ್ಥವನ್ನು ನಾವು ಕಲಿತರೆ ಅದು ಹೊಸ ವಿದ್ಯೆ. ಮಾತು ಕಲಿಸುವ ಕಲೆಯನ್ನು ನಮ್ಮ ಹಿರಿಯರು ಅರವತ್ತನಾಲ್ಕರಲ್ಲಿ ಒಂದೆಂದು ಎಣಿಸಿದರು. ಮಾತು ಕೇಳುವ ಕಲೆಯನ್ನು ಅಭ್ಯಾಸಮಾಡುವ ಕೆಲಸ ಇಂದಿನ ವಿದ್ಯಾರ್ಥಿಗಳದು. ಅದಕ್ಕೆ ಬೇಕಾದ ಹಕ್ಕಿ ಅವರ ಹೊಲದಲ್ಲಿಯೇ ನಡೆದಾಡುತ್ತಿದೆ.